ಎಪ್ಪತ್ತೊಂದನೇ ನಂಬರಿನ ಗಾಜು

ಡುಬ್ಬ ಮತ್ತೆ ಬಂದಿತ್ತು.

ಮಹಾನಂದಾ ಪರದೆಯ ಮೇಲಿನ ಗೆರೆಯನ್ನು ದುರುಗುಟ್ಟಿ ನೋಡಿದಳು. ಎಡದಿಂದ ಏರಿ, ನಡುವೆ ಗುಡ್ಡವಾಗಿ, ಬಲಕ್ಕೆ ಇಳಿದುಹೋಗಬೇಕಾದ ಗೆರೆ ಅದು. ಗುಡ್ಡ ಒಂದೇ ಇರಬೇಕು. ಆದರೆ ಒಂದನೇ ನಂಬರಿನ ಗಾಜು ಕಳಿಸಿದ ಗೆರೆಯಲ್ಲಿ ಗುಡ್ಡದ ಬಲಗಡೆ ಸಣ್ಣದೊಂದು ಡುಬ್ಬ ಎದ್ದು ಕೂತಿತ್ತು. ಅದು ಯಾರದೆಂದು ಆಕೆಗೆ ಚೆನ್ನಾಗಿ ಗೊತ್ತು. ಅಸಿಟೋನಿನದು.

"ಲಾಲಸಾಬ!" ಎಂದು ಕೂಗಿದಳು. ದಿನಾ 'ಚಾಚಾ' ಎನ್ನುವವಳು ಇವತ್ತು ಹೆಸರು ಹಿಡಿದು ಕರೆದದ್ದು ಇಡೀ ಲ್ಯಾಬಿಗೆ ಕೇಳಿಸಿತು.

ಲಾಲಸಾಬ ಮೂವತ್ತೊಂದು ವರ್ಷದಿಂದ ಆ ಲ್ಯಾಬಿನ ಗಾಜಿನ ಸಾಮಾನು ತೊಳೆಯುತ್ತ ಬಂದವನು. ವಿಜಯಪುರದ ಬಿಸಿಲಿನಲ್ಲಿ ಬೆಳಕಿನಿಂದ ಕರೆಂಟು ತೆಗೆಯುವ ವಿದ್ಯೆ ಕಲಿಸಲು ಎಷ್ಟೋ ಪ್ರೊಫೆಸರುಗಳು ಬಂದರು, ಹೋದರು. ಅವರ ಬೀಕರುಗಳನ್ನೆಲ್ಲ ತೊಳೆದವನು ಇವನೊಬ್ಬನೇ. ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ಬೀಕರ್ ತೊಳದ ಮ್ಯಾಲೆ ಅಸಿಟೋನ್ ಹಾಕಿ ಗಲಬರಿಸಿ ಹಂಗೇ ಇಟ್ಟೀರಿ, ಹೌದಿಲ್ಲೋ? ಒಣಗಿಸಿಲ್ಲ. ಅದರಾಗೇ ನಾವು ಜೆಲ್ ಕಲಿಸೇವಿ. ನೋಡ್ರಿ ಇಲ್ಲಿ!"

"ಒಣಗಿಸೇನ್ರೀ ಮೇಡಂ."

"ಮತ್ತ ಇದೇನು? ಆಕಾಶದಿಂದ ಉದುರಿತೇನು?"

ಲಾಲಸಾಬ ಪರದೆ ನೋಡಿದ. ಗೆರೆಯ ಭಾಷೆ ಅವನಿಗೆ ಬರುವುದಿಲ್ಲ. ಆದರೆ ಬೈಗುಳದ ಭಾಷೆ ಬರುತ್ತದೆ. ಸಿಂಕಿನ ಕಡೆ ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ತಾನು ಎಂದು ಅವನಿಗೂ ಅನ್ನಿಸಿರಬೇಕು.

ಮಹಾನಂದಾ ಕೆಟ್ಟವಳಲ್ಲ. ಆದರೆ ಇನ್ನು ಮೂರೂವರೆ ವಾರಕ್ಕೆ, ಶುಕ್ರವಾರ ಬೆಳಿಗ್ಗೆ, ಬೆಂಗಳೂರಿನಿಂದ ಕಮಿಟಿ ಬರುವುದಿತ್ತು. ಅವರು ಹೂಂ ಅಂದರೆ ಜಿಲ್ಲೆಯ ಎಲ್ಲ ಹಳ್ಳಿಗಳಿಗೂ ಕಳ್ಳಿಗಾಜು. ಹನ್ನೆರಡು ವರ್ಷದ ದುಡಿಮೆ ಅದು.

ಕಳ್ಳಿಗಾಜು ಅಂದರೆ ಹೆದರುವಂಥದ್ದೇನಲ್ಲ. ಬೇಲಿಯ ಮೇಲೆ ಬೆಳೆಯುವ ಪಾಪಾಸುಕಳ್ಳಿಯ ಹಣ್ಣಿದೆಯಲ್ಲ, ತಿಂದರೆ ನಾಲಿಗೆ ಎರಡು ದಿನ ಕೆಂಪಾಗಿರುತ್ತದೆ, ಆ ಬಣ್ಣವನ್ನು ಕಿಟಕಿಯ ಎರಡು ಗಾಜುಗಳ ನಡುವೆ ಹಚ್ಚುತ್ತಾರೆ. ಬಿಸಿಲು ಬಿದ್ದೊಡನೆ ಬಣ್ಣದಿಂದ ಎಲೆಕ್ಟ್ರಾನು ಜಿಗಿಯುತ್ತದೆ, ತಂತಿಯಲ್ಲಿ ಹರಿದು ಬ್ಯಾಟರಿ ತುಂಬುತ್ತದೆ, ಮನೆಯಲ್ಲಿ ಹಗಲೂ ರಾತ್ರಿ ದೀಪ ಹತ್ತುತ್ತದೆ. ಕಳೆದುಕೊಂಡ ಎಲೆಕ್ಟ್ರಾನನ್ನು ಬಣ್ಣಕ್ಕೆ ಮರಳಿ ತಂದುಕೊಡಲು ನಡುವೆ ಒಂದು ದ್ರವ ಬೇಕು. ಅದಕ್ಕೆ ಮಹಾನಂದಾ ಕಳ್ಳಿಯದೇ ಲೋಳೆಯನ್ನು ಹದ ಮಾಡಿ ಜೆಲ್ ಮಾಡಿದ್ದಳು. ಜೆಲ್ ಉಸಿರಾಡದಿದ್ದರೆ ಕೆಡುತ್ತದೆ. ಅದಕ್ಕೇ ಒಳಬದಿಗೆ ಸುಟ್ಟ ಮಣ್ಣಿನ ತೆಳು ಬಿಲ್ಲೆ, ಕೋಣೆಯ ಗಾಳಿ ಆಡಲಿ ಎಂದು.

ಬಣ್ಣದ ಗುಣ ವಿಚಿತ್ರ. ನೀರಿನಲ್ಲಿ ಕದಡಿದರೆ ಒಂದು ವಿದ್ಯುತ್ ಒತ್ತಡಕ್ಕೆ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ. ಆಲ್ಕೊಹಾಲಿನಲ್ಲಿ ಬೇಗ ಬಿಡುತ್ತದೆ, ಗುಡ್ಡ ಎಡಕ್ಕೆ ಸರಿಯುತ್ತದೆ. ಅಸಿಟೋನಿನಲ್ಲಿ ಅರ್ಧ ಬಿಟ್ಟು ಅರ್ಧ ಹಿಡಿದುಕೊಳ್ಳುತ್ತದೆ, ಆಗ ಡುಬ್ಬ ಏಳುತ್ತದೆ. ಬಣ್ಣ ಅದೇ, ಬೆರೆತ ದ್ರವ ಬೇರೆ. ಇದನ್ನು ಮಹಾನಂದಾ ಒಮ್ಮೆ ಮನೆಯಲ್ಲಿ ವಿವರಿಸಿದಾಗ ಅತ್ತೆ ಬಸಲಿಂಗವ್ವ ನಕ್ಕುಬಿಟ್ಟಿದ್ದಳು. "ಇದಕ್ಕ ಹನ್ನೆರಡು ವರ್ಷ ಬೇಕಾತೇನ? ಸೊಸಿ ತವರಮನ್ಯಾಗ ಒಂದು ಥರಾ, ಗಂಡನ ಮನ್ಯಾಗ ಒಂದು ಥರಾ. ನನ್ನ ಕೇಳಿದ್ರ ಅವತ್ತೇ ಹೇಳ್ತಿದ್ನೆಲ್ಲ."

ನಾಲ್ಕು ಹಳ್ಳಿಗಳಲ್ಲಿ ಆರುನೂರ ನಲವತ್ತು ಕಳ್ಳಿಗಾಜುಗಳಿದ್ದವು. ಒಂದೊಂದೂ ದಿನಕ್ಕೆ ನಾಲ್ಕು ಸಲ ತನ್ನ ನಾಡಿ ತಾನೇ ಹಿಡಿದು ನೋಡಿಕೊಂಡು ಗೆರೆಯನ್ನು ಲ್ಯಾಬಿಗೆ ಕಳಿಸುತ್ತಿತ್ತು. ಒಂದು ಹಗಲು ಒಂದು ರಾತ್ರಿಯ ನಾಲ್ಕೂ ಗೆರೆ ಸರಿಯಿದ್ದರೆ ದೊಡ್ಡ ಪರದೆಯಲ್ಲಿ ಆ ಮನೆಗೆ ಹಸಿರು ಚುಕ್ಕೆ, ಒಂದು ಕೆಟ್ಟರೂ ಕೆಂಪು. ಎಲ್ಲಕ್ಕೂ ಮೊದಲಿನದು, ಒಂದನೇ ನಂಬರಿನದು, ಮಹಾನಂದಾಳ ಸ್ವಂತ ಮನೆಯಲ್ಲಿ, ಮಗಳು ದಾನುವಿನ ಮಂಚದ ತಲೆಯ ಕಡೆಯ ಕಿಟಕಿಯಲ್ಲಿತ್ತು. ಈಗ ಅದೂ ಕೆಂಪು. ಹಳ್ಳಿಗಳಲ್ಲೂ ಅಲ್ಲೊಂದು ಇಲ್ಲೊಂದು ಕೆಂಪು ಕಾಣಿಸತೊಡಗಿತ್ತು.

ಕಮಿಟಿಯವರ ಮುಂದೆ ಕೆಂಪು ಚುಕ್ಕೆ ಇಟ್ಟುಕೊಂಡು ಏನು ಹೇಳುವುದು? ತೊಳೆಯುವವನು ಸರಿಯಾಗಿ ತೊಳೆಯಲಿಲ್ಲ ಎಂದೇ? ಮೂರು ದಿನ ಕೂತು ಮಹಾನಂದಾ ಒಂದು ಪ್ರೋಗ್ರಾಂ ಬರೆದಳು. ಅದಕ್ಕೆ 'ಜರಡಿ' ಎಂದು ಹೆಸರಿಟ್ಟಳು. ಬರುವ ಪ್ರತಿ ಗೆರೆಯನ್ನೂ ಅದು ಸಾಣಿಸಿ, ಅಸಿಟೋನಿನ ಡುಬ್ಬ ಕಂಡರೆ ಕಳೆದು, ಉಳಿದದ್ದನ್ನು ಮುಂದೆ ಕಳಿಸುತ್ತಿತ್ತು. ಗುಂಡಿ ಒತ್ತಿದ್ದೇ ತಡ, ಆರುನೂರ ನಲವತ್ತು ಚುಕ್ಕೆಗಳೂ ಹಸಿರಾದವು. ಅಷ್ಟು ಚೆಂದದ ಹಸಿರನ್ನು ಆಕೆ ಯಾವ ಹೊಲದಲ್ಲೂ ನೋಡಿರಲಿಲ್ಲ.

ಮನೆಯಲ್ಲಿ ಬೇಸಿಗೆ ಶುರುವಾಗಿತ್ತು. ಗಂಡ ಈರಣ್ಣ ರೈಲ್ವೆ ಗಾರ್ಡು, ವಾರಕ್ಕೆ ಎರಡು ದಿನ ಕಂಡರೆ ಪುಣ್ಯ. ದಾನುವಿಗೆ ಒಂಬತ್ತು ವರ್ಷ, ಒಂದು ಕಡೆ ಕೂತವಳಲ್ಲ. ಈಚೆಗೆ ಮಾತ್ರ ಕೂರುತ್ತಿದ್ದಳು. ಶಾಲೆಯಿಂದ ಬಂದವಳೇ ಮಣ್ಣಿನ ಹರವಿಯಿಂದ ತಂಬಿಗೆಗಟ್ಟಲೆ ನೀರು ಕುಡಿದು, ಗೋಡೆಗೊರಗಿ ಕೂತುಬಿಡುತ್ತಿದ್ದಳು.

"ಬಿಸಲಿಗಿರಬೇಕು," ಅಂದಳು ಮಹಾನಂದಾ.

"ಸೊರಗ್ಯಾಳ ಹುಡಿಗಿ. ಲಂಗ ಸೊಂಟದ ಮ್ಯಾಲ ನಿಲ್ಲವಲ್ದು," ಅಂದಳು ಬಸಲಿಂಗವ್ವ. "ಮೊನ್ನೆ ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡಾಳ. ಒಂಬತ್ತು ವರ್ಷದಾಕಿ!"

"ಅಷ್ಟು ನೀರು ಕುಡದ್ರ ಮತ್ತೇನಾಗ್ತದ ಅತ್ತೀ? ಎತ್ತರ ಬೆಳಿಯೋ ವಯಸ್ಸು. ಸೊರಗಿದಂಗ ಕಾಣಸ್ತಾಳ. ಕಮಿಟಿ ಮುಗೀಲಿ, ಡಾಕ್ಟರ್ ಕಡೆ ಕರಕೊಂಡು ಹೋಗ್ತೀನಿ."

ದಾನು ಬಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಕೊಳೆತ ಹಣ್ಣಿನಂಥ ಸಣ್ಣ ಘಾಟು ಬಂತು. ಬಸಲಿಂಗವ್ವ ಮೂಗು ಮುಚ್ಚಿಕೊಂಡಳು. "ನಿನ್ನ ಲ್ಯಾಬಿನ ವಾಸನಿ ಮನಿತನಕ ತರಬ್ಯಾಡಂದ್ರ ಕೇಳೂದಿಲ್ಲ. ಸೀರಿ ಬದಲಿಸಿ ಕೂಸಿನ ಮುಟ್ಟಬಾರದೇನ?"

ಮಹಾನಂದಾ ಸೆರಗು ಮೂಸಿ ನೋಡಿಕೊಂಡಳು. ಹನ್ನೆರಡು ವರ್ಷ ದ್ರಾವಕಗಳ ನಡುವೆ ಬಾಳಿದ ಮೂಗು ಅದು. ಅಸಿಟೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇರಬಹುದು ಅಂದುಕೊಂಡು ಎದ್ದು ಸೀರೆ ಬದಲಿಸಿದಳು.

ಕಮಿಟಿಗೆ ಒಂದು ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಹಾನಂದಾ ಮೇಜಿನ ಮೇಲಿನ ಕಾಗದಗಳನ್ನು ವಿಲೇವಾರಿ ಮಾಡುತ್ತಿದ್ದಳು. ನಾಲ್ಕು ಹಳ್ಳಿಗಳಲ್ಲೊಂದಾದ ಕಳ್ಳಿಹಾಳದಿಂದ ಬಂದ ಒಂದು ಅರ್ಜಿ ಶಾಲೆಯ ನೋಟುಬುಕ್ಕಿನ ಹಾಳೆಯ ಮೇಲಿತ್ತು. 'ಗಾಜು ನಂಬರ ೭೧ ಒಳಗಿನ ಖೋಲಿಯಲ್ಲಿ ಇರುತ್ತದೆ. ಆ ಖೋಲಿ ಈಗ ಬೇಕಾಗಿಲ್ಲ. ಗಾಜು ಅಡಿಗಿ ಮನಿಗೆ ಹಾಕಿಸಿ ಕೊಡಬೇಕು.' ಕೆಳಗೆ ಭಾಗವ್ವ ಎಂದು ಹೆಬ್ಬೆಟ್ಟು. ಜನ ಗಾಜನ್ನು ಇಷ್ಟು ಹಚ್ಚಿಕೊಂಡರಲ್ಲ ಎಂದು ಮಹಾನಂದಾಳಿಗೆ ಹಿಗ್ಗಾಯಿತು. 'ಒಪ್ಪಿದೆ' ಎಂದು ಬರೆದು ಸಹಿ ಹಾಕಿ, ಮೆಕ್ಯಾನಿಕ್ಕನಿಗೆ ಅವತ್ತೇ ಹೋಗಲು ಹೇಳಿದಳು.

ಲಾಲಸಾಬ ಬಂದು ಎದುರಿಗೆ ನಿಂತ. ಕೈಯಲ್ಲಿ ಕಂದು ಬಣ್ಣದ ದೊಡ್ಡ ಬಾಟಲಿ.

"ಮೇಡಂ, ನಾಳೆ ಮಂದಿ ಬರ್ತಾರ. ಅದಕ್ಕ ಮೊದಲ ಒಂದು ಮಾತು. ನೀವು ಅವತ್ತು ಬೈದಿರಿ. ಮೂವತ್ತೊಂದು ವರ್ಷದಾಗ ಯಾರೂ ಬೈದಿರಲಿಲ್ಲ."

"ಚಾಚಾ, ಅದನ್ನ ಮರತುಬಿಡ್ರಿ..."

"ಮರಿಯೂದಿಲ್ಲ. ಕೇಳ್ರಿ. ನೀವು ಬೈದ ದಿನಾನೇ ನಾ ಅಸಿಟೋನ್ ಬಿಟ್ಟೆ. ಎಲ್ಲಾ ಬಿಸಿಲಿಗಿಟ್ಟು ಒಣಗಿಸೀನಿ. ಉಳಿದದ್ದು ಮಂದಿ ಖರ್ಚು ಮಾಡಿದ್ರು. ಬಾಟ್ಲಿ ಖಾಲಿ ಆಗಿ ಹದಿನೈದು ದಿನ ಆತು, ಹೊಸಾದು ಬಂದಿಲ್ಲ." ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಿದ. ಒಂದು ಹನಿ ಬೀಳಲಿಲ್ಲ. "ನಿಮ್ಮ ಮನಿ ಗಾಜಿಗೆ ಹೊಸಾ ಜೆಲ್ ಹಾಕಿದ್ದು ಹೋದ ಸೋಮವಾರ. ಅವತ್ತು ಈ ಲ್ಯಾಬಿನಾಗ ಅಸಿಟೋನ್ ಅನ್ನೋದು ಮೂಸಾಕೂ ಇರಲಿಲ್ಲ. ಈಗ ನೋಡ್ರಿ, ನಿಮ್ಮ ಡುಬ್ಬ ಹೋಗೇದೇನು? ಹೋಗಿದ್ರ ತಪ್ಪು ನಂದು. ನಾನೇ ಹೊರಗ ಹೋಗ್ತೀನಿ."

ಮುದುಕನ ಸಮಾಧಾನಕ್ಕಾದರೂ ಆಗಲಿ ಎಂದು ಮಹಾನಂದಾ ಒಂದನೇ ನಂಬರಿನ ಹಸಿ ಗೆರೆಗಳನ್ನು, ಜರಡಿ ಸಾಣಿಸದ ಗೆರೆಗಳನ್ನು, ತೆಗೆದಳು.

ಡುಬ್ಬ ಹೋಗಿರಲಿಲ್ಲ. ಗುಡ್ಡದಷ್ಟೇ ಎತ್ತರ ಬೆಳೆದಿತ್ತು.

ಅಸಿಟೋನಿಲ್ಲದೆ ಅಸಿಟೋನಿನ ಡುಬ್ಬ. ಮಹಾನಂದಾ ದಿನಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಬೆಳಗಿನ ಜಾವ ಡುಬ್ಬ ದೊಡ್ಡದು, ಮಧ್ಯಾಹ್ನ ಬಿಸಿಲಿಗೆ ಆರಿ ಸಣ್ಣದು, ಮರುದಿನ ಬೆಳಿಗ್ಗೆ ಮತ್ತೆ ದೊಡ್ಡದು. ಯಾರೋ ದಿನಾ ರಾತ್ರಿ ತಂದು ಹಾಕುವ ಹಾಗೆ. ನಡುವೆ ಎರಡು ದಿನ ಮಾತ್ರ ಡುಬ್ಬವೇ ಇಲ್ಲ. ಅದು ಕಳೆದ ವಾರದ ಶನಿವಾರ, ಭಾನುವಾರ.

ಶನಿವಾರ ಭಾನುವಾರ ದಾನು ಬಾಗಲಕೋಟೆಯ ಸೋದರತ್ತೆಯ ಮನೆಗೆ ಹೋಗಿದ್ದಳು.

ಮಂಚ ಖಾಲಿಯಿದ್ದ ಎರಡು ರಾತ್ರಿ ಗಾಜು ಸುಮ್ಮನಿತ್ತು.

"ಇನ್ನೊಂದು ಹೇಳ್ಲೇನ್ರೀ?" ಲಾಲಸಾಬ ದನಿ ತಗ್ಗಿಸಿದ. "ಮೊನ್ನೆ ನಿಮ್ಮ ಮಗಳು ಶಾಲಿ ಬಿಟ್ಟಮ್ಯಾಲೆ ಇಲ್ಲಿ ಬಂದು ನನ್ನ ಬಾಜೂಕ ಕುಂತಿದ್ಲು. ಮಾತಾಡಿದ್ರ ಬಾಯಿಂದ ಅಸಿಟೋನ್ ವಾಸನಿ. ಹುಡಿಗಿ ಯಾವ ಬಾಟ್ಲಿಗೆ ಬಾಯಿ ಹಚ್ಯಾಳೋ ಅಂತ ಅಂಜಿ ಕಪಾಟು ತಗದು ನೋಡಿದೆ. ಬಾಟ್ಲಿ ಖಾಲಿನೇ ಇತ್ತು. ಉಗುರಬಣ್ಣ ತಗಿಯೋದು ಏನರ ಮುಟ್ಟಿರಬೇಕು ಅಂದ್ಕೊಂಡು ಸುಮ್ಮನಾದೆ."

ಮಹಾನಂದಾಳಿಗೆ ಬಿಎಸ್ಸಿಯ ಯಾವುದೋ ಪುಸ್ತಕದ ಯಾವುದೋ ಪುಟ ಕಣ್ಣೆದುರು ಬಂದು ನಿಂತಿತು. ಸಕ್ಕರೆಯನ್ನು ಉರಿಸಲಾರದ ಮೈ ಕೊಬ್ಬನ್ನು ಉರಿಸುತ್ತದೆ. ಉರಿದ ಕೊಬ್ಬು ಅಸಿಟೋನಾಗಿ ಉಸಿರಿನಲ್ಲಿ ಹೊರಬರುತ್ತದೆ. ನೀರಡಿಕೆ, ಉಚ್ಚೆ, ಸೊರಗು. ಎಲ್ಲವೂ ತಿಂಗಳಿನಿಂದ ಕಣ್ಣೆದುರೇ ಓಡಾಡಿಕೊಂಡಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ತಾನು. ಫೋನು ಹಚ್ಚಿದಳು.

"ಅತ್ತೀ, ದಾನು ಶಾಲಿಗೆ ಹೋಗ್ಯಾಳೇನು?"

"ಇಲ್ಲ. ನೀ ಹೋದ ಮ್ಯಾಲೆ ಎರಡು ಸಲ ವಾಂತಿ ಮಾಡಿಕೊಂಡು ಮಲಗ್ಯಾಳ. ಎಬ್ಬಿಸಿದ್ರ ಏಳವಲ್ಲಳು. ಓಡಿ ಬಂದಾಕಿ ಹಂಗ ಉಸರ ಬಿಡ್ಲಿಕ್ಕತ್ತಾಳ. ನಿನಗ ಕೆಲಸ ಅದ ಅಂತ ಫೋನ್ ಮಾಡಲಿಲ್ಲ..."

ಮುಂದಿನದ್ದನ್ನು ಮಹಾನಂದಾ ಕೇಳಲಿಲ್ಲ. ಚಪ್ಪಲಿಯ ನೆನಪೂ ಆಗಲಿಲ್ಲ. ಲಾಲಸಾಬ ತನ್ನ ಹಳೆಯ ಸ್ಕೂಟರು ಹೊರತೆಗೆದಿದ್ದ.

ಆಸ್ಪತ್ರೆಯಲ್ಲಿ ದಾನುವಿನ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದ ನರ್ಸು ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಯಂತ್ರ ತಂದಳು. ಎರಡರಲ್ಲೂ ಅಂಕಿ ಬರಲಿಲ್ಲ. ಅಳತೆ ಮೀರಿದೆ ಎಂದಷ್ಟೇ ತೋರಿಸಿದವು. ಆಮೇಲೆ ಸೂಜಿ, ಸಲಾಯಿನ್ನು, ಇನ್ಸುಲಿನ್ನು, ಬಾಗಿಲು ಹಾಕಿದ ಕೋಣೆ. ಸಂಜೆ ಆರಕ್ಕೆ ಡಾಕ್ಟರು ಹೊರಬಂದರು.

"ಅಪಾಯ ದಾಟ್ಯಾಳ. ಇನ್ನು ಜೀವನಪೂರ್ತಿ ಇನ್ಸುಲಿನ್ ಬೇಕಾಗ್ತದ, ಆದ್ರ ಎಲ್ಲಾರಂಗ ಆಡ್ತಾಳ, ಓದ್ತಾಳ. ಛಲೋ ಆತು ನೀವು ಗುರುತು ಹಿಡದ್ರಿ. ನಾಳೆ ತಂದಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ. ಹೆಂಗ ಗೊತ್ತಾತು ನಿಮಗ?"

ಮಹಾನಂದಾ ಲಾಲಸಾಬನ ಕಡೆ ನೋಡಿದಳು. ಅವನು ಬೆಂಚಿನ ಮೇಲೆ ಬಸಲಿಂಗವ್ವನ ಪಕ್ಕ ಕೂತು ಆಕೆಗೆ ಚಹಾ ಕುಡಿಸುತ್ತಿದ್ದ.

ಶುಕ್ರವಾರ ಬೆಳಿಗ್ಗೆ ದಾನು ಕಣ್ಣು ಬಿಟ್ಟು, "ಅವ್ವಾ, ಹಸಿವಿ," ಅಂದಳು. ಮಹಾನಂದಾ ಅತ್ತಳು, ನಕ್ಕಳು, ಮತ್ತೆ ಅತ್ತಳು. ರಾತ್ರಿಯೇ ಓಡಿಬಂದಿದ್ದ ಈರಣ್ಣ ಮಗಳ ಪಾದ ಹಿಡಿದುಕೊಂಡು ಕೂತಿದ್ದ. ಎಲ್ಲ ಒಂದು ದಡ ಸೇರಿತು ಅನ್ನಿಸಿದ ಮೇಲೆ, ಕಮಿಟಿಯವರಿಗೆ ಒಂದು ಸುದ್ದಿಯಾದರೂ ಮುಟ್ಟಿಸೋಣವೆಂದು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪು ತೆರೆದಳು.

ಪರದೆಯ ತುಂಬ ಹಸಿರು. ಆರುನೂರ ನಲವತ್ತು ಹಸಿರು ಚುಕ್ಕೆ.

ಒಂದನೇ ನಂಬರೂ ಹಸಿರು.

ನಿನ್ನೆ ಮಗಳು ಸಾಯುವಂತಾಗಿದ್ದ ಮನೆ ಅದು. ಅದಕ್ಕೂ ಹಸಿರು. ಈ ಜರಡಿ ತನ್ನ ಮನೆಯ ಗೆರೆಯನ್ನು ಮಾತ್ರ ಸಾಣಿಸುತ್ತಿಲ್ಲ. ಇಪ್ಪತ್ತು ದಿನದಿಂದ ನಾಲ್ಕೂ ಹಳ್ಳಿಗಳ ಮೇಲೆ ಕೂತಿದೆ. ಕಸವೆಂದು ಅದು ತೆಗೆದು ಎಸೆದದ್ದು ಯಾರ್ಯಾರ ಉಸಿರೋ.

ಜರಡಿಯನ್ನು ತೆಗೆದುಹಾಕಿದಳು. ನಿನ್ನೆ ಬೆಳಗಿನ ಗೆರೆಯಿಂದ ಒಂದನೇ ನಂಬರು ಕೆಂಪಾಯಿತು. ಹಳ್ಳಿಗಳಲ್ಲಿ ಎರಡು ಚುಕ್ಕೆಗಳು ಕೆಂಪಾದವು. ಮುನ್ನೂರಾ ಎರಡು. ಐನೂರಾ ಹದಿನೆಂಟು.

ಆ ಊರುಗಳ ಆರೋಗ್ಯ ಕೇಂದ್ರಗಳಿಗೆ ಫೋನು ಹಚ್ಚಿದಳು. ಮುನ್ನೂರಾ ಎರಡನೇ ಮನೆಯಲ್ಲಿ ಒಬ್ಬ ಅಜ್ಜಿ ಹರಕೆ ಹೊತ್ತು ವಾರದಿಂದ ನಿಂಬೆ ನೀರಿನ ಮೇಲಿದ್ದಳು. ನರ್ಸು ಬೈದು ಗಂಜಿ ಕುಡಿಸಿದಳಂತೆ. ಐನೂರಾ ಹದಿನೆಂಟರಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ, ತಲೆಸುತ್ತೆಂದು ಮಲಗಿದವಳನ್ನು ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ಸಾಗಿಸಿದರು. ಸಕ್ಕರೆ ಐನೂರರ ಮೇಲಿತ್ತು. ಬದುಕುತ್ತಾಳೆ ಎಂದು ತಿರುಗಿ ಫೋನು ಬಂತು. ಮಹಾನಂದಾ ಗೋಡೆಗೆ ತಲೆಯಾನಿಸಿ ಉಸಿರುಬಿಟ್ಟಳು.

ಆಮೇಲೆ ಇನ್ನೊಂದು ಯೋಚನೆ ಬಂತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು. ಇವು ನಿನ್ನೆ ಇವತ್ತಿನ ಕೆಂಪು. ಅದಕ್ಕೂ ಮೊದಲು ಎದ್ದು ಆರಿಹೋದ ಡುಬ್ಬಗಳು ಇವುಗಳಲ್ಲಿ ಕಾಣುವುದಿಲ್ಲ. ಇಪ್ಪತ್ತು ದಿನದ ಹಸಿ ಗೆರೆಗಳನ್ನೆಲ್ಲ ಹುಡುಕಲು ಹೇಳಿದಳು. ಯಂತ್ರ ಅರ್ಧ ನಿಮಿಷದಲ್ಲಿ ಈ ಮೂರನ್ನು ಬಿಟ್ಟು ಒಂದೇ ಒಂದು ಹೊಸ ನಂಬರು ಕೊಟ್ಟಿತು.

ಎಪ್ಪತ್ತೊಂದು. ಮೊದಲ ದಿನ ಸಣ್ಣ ಡುಬ್ಬ. ದಿನದಿನಕ್ಕೆ ದೊಡ್ಡದು. ಹನ್ನೊಂದನೇ ದಿನ ಬೆಳಿಗ್ಗೆ ಗುಡ್ಡವನ್ನೂ ಮೀರಿದ್ದು. ಹನ್ನೆರಡನೇ ದಿನ ಏನೂ ಇಲ್ಲ. ಅಲ್ಲಿಂದ ಮುಂದೆ ಒಂಬತ್ತು ದಿನ ಶುದ್ಧವಾದ, ಪುಸ್ತಕದಲ್ಲಿ ಅಚ್ಚು ಹಾಕಬಹುದಾದಂಥ ಗೆರೆ.

'ಆ ಖೋಲಿ ಈಗ ಬೇಕಾಗಿಲ್ಲ.' ಅದರ ಕೆಳಗೆ ತಾನು ಬರೆದ 'ಒಪ್ಪಿದೆ'.

ಕಮಿಟಿಯವರಿಗೆ ಇವತ್ತು ತಾನು ಸಿಗುವುದಿಲ್ಲವೆಂದು ಎರಡು ಸಾಲು ಕಳಿಸಿ ಕಳ್ಳಿಹಾಳಕ್ಕೆ ಹೊರಟಳು. ಲಾಲಸಾಬನೂ ಜೊತೆಗೆ ಬಂದ. ಬ್ಯಾಡ ಅಂದರೂ ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಭಾಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೂವತ್ತರ ಹೆಂಗಸು, ಅರವತ್ತರವಳಂತೆ ಕಂಡಳು. ಗಾಜಿನ ಬಾಯಾರು, ಗಾಜು ಹಾಕಿಸಿದ ಅಮ್ಮಾವರು, ಎಂದು ಗುರುತು ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ಒಳಗೆ ಕರೆದಳು. ನೀರು ಕೊಟ್ಟಳು. ಮಣ್ಣಿನ ಗೋಡೆಯ ಅಡಿಗೆಮನೆ ಹಗಲಿನಲ್ಲೂ ಕತ್ತಲು. ಮೆಕ್ಯಾನಿಕ್ಕು ನಿನ್ನೆಯೇ ಬಂದು ಹೋಗಿದ್ದ. ಕಿಟಕಿಯಲ್ಲಿ ಕೆಂಪು ಗಾಜು, ಒಲೆಯ ಮೇಲೆ ಹೊತ್ತಿದ ದೀಪ.

"ಛಲೋ ಬೆಳಕು ಕೊಡತೈತ್ರಿ ಬಾಯಾರ," ಅಂದಳು ಭಾಗವ್ವ. "ಮೊದಲ ಒಳಗಿನ ಖೋಲ್ಯಾಗಿತ್ತು, ನನ್ನ ಮಗಳು ರೇಣಿ ಮಗ್ಗಲಾಗ. ಆಕಿಗೆ ಆರು ವರ್ಷ ಆಗಿತ್ರಿ. ಕತ್ತಲಂದ್ರ ಭಾಳ ಅಂಜಿಕಿ. ಜ್ವರಾ ಇರಲಿಲ್ಲ, ಏನಿರಲಿಲ್ಲ. ನೀರ ಬೇಡತಿದ್ಲು, ಕೊಡತಿದ್ದೆ. ಬೇಡತಿದ್ಲು, ಕೊಡತಿದ್ದೆ. ಡಾಗಟರ ಕಡೆ ಒಯ್ಯೂದ್ರಾಗ ಮುಗದಿತ್ತು. ಆದ್ರ ನಿಮ್ಮ ಪುಣ್ಯಾ, ಕಡೀತನಕ ದೀಪ ಆರಲಿಲ್ರಿ. ಅಂಜಲಾರದ ಹೋತು ನನ್ನ ಕೂಸು."

ಆಕೆ ಬಾಗಿ ಮಹಾನಂದಾಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆ ಕೈಯನ್ನು ಎಳೆದುಕೊಳ್ಳಲು ಮಹಾನಂದಾಳಿಗೆ ಶಕ್ತಿ ಬರಲಿಲ್ಲ. ಹೇಳದೆ ಹೋಗಬಹುದಿತ್ತು. ಈ ಹೆಂಗಸಿಗೆ ಎಂದೂ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ನಿಂತ ಲಾಲಸಾಬ ತನ್ನನ್ನೇ ನೋಡುತ್ತಿದ್ದಾನೆಂಬುದು ಬೆನ್ನಿಗೆ ತಿಳಿಯುತ್ತಿತ್ತು. ಮಾಡದ ತಪ್ಪಿಗೆ ಬೈಸಿಕೊಂಡ ಮನುಷ್ಯ ಅವನು.

"ಭಾಗವ್ವಾ," ಅಂದಳು. "ನನಗ ಕೈ ಮುಗೀಬ್ಯಾಡ. ಈ ಗಾಜಿಗೆ ರೇಣಿ ಉಸಿರು ತಾಕ್ತಿತ್ತು. ಆಕಿ ಮೈಯಾಗ ಏನು ಜಡ್ಡು ಅದ ಅಂತ ಗಾಜು ನನಗ ದಿನಾ ಬರದು ಕಳಸ್ತಿತ್ತು. ನಾನು ಅದನ್ನ ಹೊಲಸು ಅಂತ ತಿಳದು ತಗದು ಒಗದೆ. ನೋಡಿದ್ರ ಆಕಿ ಉಳೀತಿದ್ಲು. ನನ್ನ ಮಗಳಿಗೂ ಅದೇ ಜಡ್ಡು. ಆಕಿ ಉಳದಾಳ."

ಮಾತು ಒಂದೊಂದಾಗಿ ಒಳಗಿಳಿಯುವುದು ಭಾಗವ್ವನ ಮುಖದಲ್ಲಿ ಕಾಣುತ್ತಿತ್ತು. ಒಲೆಯ ಮೇಲಿನ ದೀಪವನ್ನು ನೋಡಿದಳು. ಕಿಟಕಿಯ ಕೆಂಪು ಗಾಜನ್ನು ನೋಡಿದಳು. ಮಹಾನಂದಾಳ ಕೈಯನ್ನು ಇನ್ನೂ ಹಿಡಿದುಕೊಂಡಿದ್ದವಳು ಮೆಲ್ಲಗೆ ಬಿಟ್ಟಳು.

"ಎಷ್ಟ ದಿನ ಹೇಳಿತ್ರಿ ಅದು?"

"ಹನ್ನೊಂದು ದಿನ," ಅಂದಳು ಮಹಾನಂದಾ.

ಭಾಗವ್ವ ಕಿಟಕಿಯ ಹತ್ತಿರ ಹೋಗಿ, ಮಣ್ಣಿನ ಬಿಲ್ಲೆಗೆ ಕಿವಿ ಹಚ್ಚಿ ನಿಂತುಕೊಂಡಳು.